ಇನ್ನರ್ಧ ಮುದ್ದೆ

ಬೋರಯ್ಯ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ ನಲವತ್ತೊಂದನೆಯ ದಿನ ಅವರ ಹೆಂಡತಿ ಪುಟ್ಟತಾಯಮ್ಮನ ಬಲಗೈಯ ಪ್ಲಾಸ್ಟರು ಬಿಚ್ಚಿದರು. ಕೆ.ಆರ್. ಪೇಟೆಯಿಂದ ಬಂದ ಬಸ್ಸಿನಿಂದ ಬೂಕನಕೆರೆಯಲ್ಲಿ ಇಳಿದು ಮನೆ ಸೇರಿದ ಪುಟ್ಟತಾಯಮ್ಮ ಸೀರೆ ಕೂಡ ಬದಲಿಸದೆ ಅಡುಗೆಮನೆಗೆ ಹೋಗಿ ಹಿಟ್ಟು ತೊಳಸಲು ಮುದ್ದೆ ಕೋಲು ಹಿಡಿದರು. ಬೇಯುತ್ತಿದ್ದ ಹಿಟ್ಟಿನೊಳಗೆ ಕೋಲು ಒಂದು ಸುತ್ತು ತಿರುಗಿತು. ಎರಡನೆಯ ಸುತ್ತಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಚಳಕ್ಕೆಂದಿತು. ಕೋಲು ಕೈಜಾರಿತು.

"ಡಾಕ್ಟ್ರು ಏನಂದ್ರು? ಇನ್ ಮೂರ್ ತಿಂಗ್ಳು ಕೈ ಮ್ಯಾಲೆ ಭಾರ ಬುಡಂಗಿಲ್ಲ ಅನ್ನಲಿಲ್ವಾ?" ಮಗ ಮಂಜುನಾಥ ಕೋಲು ಎತ್ತಿಕೊಂಡ. "ಆಚೆ ಕೂತ್ಕೊ ಓಗವ್ವ."

"ನಿಮ್ಮಪ್ಪ ಇವತ್ತಾದ್ರೂ ಮನೇಲಿ ಉಣ್ಲಿ ಅಂತ ಕಣ್ಲಾ."

"ಉಣ್ಣೋರಾಗಿದ್ರೆ ನಲ್ವತ್ ದಿನ್ದಿಂದ ಉಣ್ತಿದ್ರು."

ಜೂನ್ ಮೊದಲ ವಾರ ಪುಟ್ಟತಾಯಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆದು ಏಳುವಾಗ ಗಂಜಲದ ಮೇಲೆ ಜಾರಿ ಬಿದ್ದಿದ್ದರು. ಮಗಳು ಪ್ರಮೀಳಾ ಪಾಂಡವಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ಉಳಿದವರು ಮೂವರು. ಮೂವತ್ನಾಲ್ಕರ ಮಂಜುನಾಥ ಎರಡು ಎಕರೆ ಕಬ್ಬು, ಮೂರು ಸೀಮೆಹಸು ನೋಡಿಕೊಂಡಿದ್ದವನು ಒಲೆಯನ್ನೂ ನೋಡಿಕೊಳ್ಳತೊಡಗಿದ. ಪುಟ್ಟತಾಯಮ್ಮ ಹೊಸಿಲಿನ ಮೇಲೆ ಕುಳಿತು ಹೇಳಿಕೊಟ್ಟರು. ಮೊದಲ ದಿನದ ಮುದ್ದೆಯಲ್ಲಿ ಗಂಟು ಕಟ್ಟಿತ್ತು. ಬೋರಯ್ಯ ಒಂದು ತುತ್ತು ಮುರಿದು ತಟ್ಟೆಯನ್ನು ಆಚೆ ನೂಕಿದ್ದರು.

"ಗಂಟಾಗೈತೆ ಅಂತ ಬುಡ್ತಿಲ್ಲ ಕಣಮ್ಮಿ. ಗಂಡಸು ತೊಳ್ಸಿದ್ ಇಟ್ಟು ಉಣ್ಣೋ ಗತಿ ನಂಗಿನ್ನೂ ಬಂದಿಲ್ಲ."

ಟವೆಲು ಹೆಗಲಿಗೆ ಹಾಕಿಕೊಂಡು ಪ್ರೇಮಮ್ಮನ ಹೋಟೆಲಿಗೆ ಹೋದರು. ಅಂದಿನಿಂದ ದಿನಾ ಎರಡು ಹೊತ್ತು ಅಲ್ಲೇ.

ಪ್ರೇಮಮ್ಮನ ಹೋಟೆಲಿಗೆ ಬೋರ್ಡಿಲ್ಲ. ಮನೆಯಿಂದ ಮುನ್ನೂರು ಹೆಜ್ಜೆ. ಶೀಟಿನ ಮಾಡು, ಐದು ಬೆಂಚು. ಮಧ್ಯಾಹ್ನ ಹನ್ನೆರಡೂವರೆಯಿಂದ, ಮತ್ತೆ ರಾತ್ರಿ ಎಂಟರಿಂದ ಮುದ್ದೆ, ಬಸ್ಸಾರು, ಪಲ್ಯ, ಮುಗಿದರೆ ಮುಗಿಯಿತು. ಪ್ರೇಮಮ್ಮ ಸಾರಿಗೆ ಹುರಿದ ಹುಚ್ಚೆಳ್ಳಿನ ಪುಡಿ ಹಾಕುತ್ತಿದ್ದಳು. ಆ ಘಮಕ್ಕೇ ಕೆ.ಆರ್. ಪೇಟೆಯ ಕಡೆಯಿಂದ ಲಾರಿಯವರು ಬಂದು ನಿಲ್ಲಿಸುತ್ತಿದ್ದರು. ಬೋರಯ್ಯ ಮೊದಲೂ ವಾರಕ್ಕೆ ಎರಡು ಸಲ ಹೋಗುತ್ತಿದ್ದವರೇ. ಅವರ ಜಾಗ ಎಲ್ಲಕ್ಕೂ ಮುಂದಿನ ಬೆಂಚು, ಮುಖ ರಸ್ತೆಗೆ, ಬೆನ್ನು ಹಿಂದಿನವರಿಗೆ. ಒಂದು ಮುದ್ದೆ ಮುಗಿಯುವ ಹೊತ್ತಿಗೆ ಒಳಗಿದ್ದ ಪ್ರೇಮಮ್ಮನ ಗಂಡ ಚೆಲುವಯ್ಯನಿಗೆ ಕೇಳುವಂತೆ ಕೂಗುತ್ತಿದ್ದರು: "ಇನ್ನರ್ಧ ಮುರ್ಕೊಂಡ್ ಬಾರ್ಲಾ ಚೆಲ್ವಾ!"

ಮದುವೆಯಾಗಿ ಈ ಊರಿಗೆ ಬಂದು ಮೂವತ್ತೇಳು ವರ್ಷವಾಗಿದ್ದರೂ ಪುಟ್ಟತಾಯಮ್ಮ ಆ ಹೋಟೆಲಿನೊಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಹೆಂಗಸರು ಕುಳಿತು ಉಣ್ಣುವುದಿರಲಿಲ್ಲ. ಅಲ್ಲಿನ ಸುದ್ದಿಯೆಲ್ಲ ಬೆಳಿಗ್ಗೆ ಹಾಲಿಗೆ ಬರುವ ಪ್ರೇಮಮ್ಮನಿಂದಲೇ ತಿಳಿಯಬೇಕು.

"ಅಕ್ಕ, ತಪ್ ತಿಳ್ಕೋಬ್ಯಾಡಿ," ಎಂದಿದ್ದಳು ಪ್ರೇಮಮ್ಮ ಒಂದು ದಿನ. "ಅಣ್ಣ ಬಂದು ಕೂತೇಟ್ಗೆ ಅದನ್ನೇ ಏಳ್ತರೆ. ನಮ್ಮನೇಲಿ ಉಣ್ಣಾಕ್ ಗತಿಯಿಲ್ಲ, ಅದ್ಕೇ ಬಂದೆ ಅಂತ. ಅಲ್ಲಿ ನಾಕ್ ಜನ ಕೂತಿರ್ತರೆ."

"ಏಳ್ಕೊಳ್ಲಿ ಬುಡು," ಎಂದು ಪುಟ್ಟತಾಯಮ್ಮ ಹಾಲು ಅಳೆದು ಕೊಟ್ಟಿದ್ದರು. ಅಂದು ಅದನ್ನು ದೊಡ್ಡದು ಮಾಡದೆ ಬಿಟ್ಟದ್ದಕ್ಕೆ ಮುಂದೆ ಪಶ್ಚಾತ್ತಾಪಪಟ್ಟರು.

ಮಂಜುನಾಥ ಮಾತ್ರ ದಿನಾ ಮೂರು ಮುದ್ದೆ ಕಟ್ಟುತ್ತಿದ್ದ. ಒಂದು ಅವ್ವನಿಗೆ, ಒಂದು ತನಗೆ, ಮೂರನೆಯದು ಅಪ್ಪನ ತಟ್ಟೆಯಲ್ಲಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ಸಂಜೆ ಅದು ಗೌರಿ ಎಂಬ ಹಸುವಿನ ಬಾನಿಗೆ ಬೀಳುತ್ತಿತ್ತು.

"ಯಾಕ್ಲಾ ದಂಡಕ್ಕೆ ಮಾಡ್ತೀಯ?"

"ದಂಡ ಏನಿಲ್ಲ. ಗೌರಿ ಕ್ಯಾತೆ ತೆಗ್ಯಾಕಿಲ್ಲ."

ಎರಡನೆಯ ತಿಂಗಳಿಗೆ ಮಂಜುನಾಥನ ಮುದ್ದೆಯಲ್ಲಿ ಸಾಸಿವೆಯಷ್ಟು ಗಂಟೂ ಸಿಗುತ್ತಿರಲಿಲ್ಲ.

ಆಷಾಢ ಕಳೆಯಿತು. ಪುಟ್ಟತಾಯಮ್ಮನ ತಮ್ಮ ಸಿದ್ದೇಶ ಒಂದು ಸಂಬಂಧ ತಂದ. ಸಿಂಧಘಟ್ಟದ ಪುಟ್ಟರಾಜು ಅವರ ಮಗಳು ಪವಿತ್ರ, ಇಪ್ಪತ್ತೊಂಬತ್ತು ವರ್ಷ, ಪಾಂಡವಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಮಂಜುನಾಥನಿಗೆ ನಾಲ್ಕು ವರ್ಷದಲ್ಲಿ ಹನ್ನೊಂದು ಕಡೆ ಹೆಣ್ಣು ನೋಡಿ ಆಗಿತ್ತು. ಒಕ್ಕಲುತನದ ಹುಡುಗ ಎಂದೊಡನೆ ಹತ್ತು ಕಡೆಯವರು ಮಾತು ನಿಲ್ಲಿಸಿದ್ದರು. ಹನ್ನೊಂದನೆಯವರು ಫೋನೇ ಎತ್ತಲಿಲ್ಲ.

ಶ್ರಾವಣದ ಮೊದಲ ಭಾನುವಾರ ಗಂಜಾಂನ ನಿಮಿಷಾಂಬ ದೇವಸ್ಥಾನದಲ್ಲಿ ಹುಡುಗ ಹುಡುಗಿ ನೋಡುವುದೆಂದಾಯಿತು. ಅಂದೇ ಗೌರಿ ಕರು ಹಾಕುವ ಲಕ್ಷಣ ತೋರಿಸಿದ್ದರಿಂದ ಬೋರಯ್ಯ ಕೊಟ್ಟಿಗೆಯಲ್ಲಿ ಉಳಿದರು. ಪುಟ್ಟರಾಜು ಮಾತುಗಾರ ಮನುಷ್ಯ. "ನಾನ್ ಪಶು ಆಹಾರದ ಲಾರಿ ಓಡ್ಸೋದು ತಾಯಿ. ಪ್ರತಿ ಗುರುವಾರ ನಿಮ್ಮೂರ್ ಡೇರಿಗೇ ಬತ್ತೀನಿ," ಎಂದರು. ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಹುಡುಗಿ ಹೊಳೆ ಮೆಟ್ಟಿಲ ಮೇಲೆ ನಿಂತು ಮಂಜುನಾಥನನ್ನು ನೇರ ಕೇಳಿದಳು. "ನಾನು ಕೆಲಸ ಬಿಡಲ್ಲ. ಎಂಟು ಗಂಟೆ ಬಸ್ಸಿಗೆ ಹೋದರೆ ಬರೋದು ಏಳಕ್ಕೆ. ನಿಮ್ಮಮ್ಮನ ಕೈ ನೋಡಿದೆ. ಮನೇಲಿ ಅಡುಗೆ ಯಾರು ಮಾಡ್ತಾರೆ?"

"ನಾನೇ ಮಾಡೋದು."

"ಏನೇನು ಬರುತ್ತೆ?"

"ಇಟ್ಟು, ಸಾರು, ಪಲ್ಯ. ಚಪಾತಿ ಇನ್ನೂ ದುಂಡುಗೆ ಬರಲ್ಲ."

ಅವಳು ನಕ್ಕಳು. ಸ್ವಲ್ಪ ದೂರದಲ್ಲಿ ಅವಳ ತಾಯಿ ಚಲುವಮ್ಮನ ಜೊತೆ ನಿಂತಿದ್ದ ಪುಟ್ಟತಾಯಮ್ಮ ಆ ನಗು ಕೇಳಿ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದರು.

ಎರಡು ವಾರಕ್ಕೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದೆಂದು ಗೊತ್ತಾಯಿತು. ಹಿಂದಿನ ದಿನ ಪ್ರಮೀಳಾ ಬಂದಳು. ಜಗಳ ಶುರುವಾದದ್ದು ಅಡುಗೆಯ ಮೇಲೆ.

"ಚೆಲ್ವಯ್ಯಂಗೆ ಏಳಿವ್ನಿ," ಎಂದರು ಬೋರಯ್ಯ. "ಇಟ್ಟು, ಸಾರು, ಪಲ್ಯ ಹಿತ್ಲು ಬಾಗ್ಲಿಂದ ತಂದ್ ಕೊಡ್ತನೆ. ಪಾಯ್ಸ ನೀನ್ ಮಾಡವ್ವ ಪ್ರಮೀಳಾ."

"ಯಾಕಪ್ಪ? ತಮ್ಮ ನಂಗಿಂತ ಚೆಂದಾಗ್ ಮಾಡ್ತನೆ."

"ಬಾಯ್ ಮುಚ್ಚು. ಮದ್ವೆ ಗಂಡು ಒಲೆ ಮುಂದೆ ಕೂತಿರ್ತನೆ ಅಂತ ಸಿಂಧಘಟ್ಟದ ತುಂಬ ಸಾರ್ಬೇಕಾ? ಯಾವನ್ ಕೊಡ್ತನೆ ಹೆಣ್ಣ?"

"ಆ ಹುಡ್ಗಿಗೆ ಗೊತ್ತು, ಅಪ್ಪ. ನಾನೇ ಏಳಿವ್ನಿ," ಎಂದ ಮಂಜುನಾಥ.

"ಏಳಿದ್ಯಾ? ನಿನ್ ಬಾಯ್ಗೆ ಬೀಗ ಹಾಕ! ಹುಡ್ಗೀರ್ ಹತ್ರ ಆಡಿದ್ ಮಾತು ಅಲ್ಗೇ ಸರಿ. ದೊಡ್ಡೋರ್ ಮುಂದೆ ಮರ್ಯಾದೆ ಬ್ಯಾರೆ."

ಮೂವರೂ ಪುಟ್ಟತಾಯಮ್ಮನ ಕಡೆ ನೋಡಿದರು. ಅವರಿಗೆ ಹನ್ನೊಂದು ಮನೆಗಳೂ ನೆನಪಾದವು. "ಒಂದ್ ದಿನದ್ ಮಾತು. ಆಗ್ಲಿ ಬುಡಿ," ಎಂದರು. ಮಂಜುನಾಥ ಎದ್ದು ಹಸುಗಳಿಗೆ ಮೇವು ಹಾಕಲು ಹೋದ.

ಭಾನುವಾರ ಸಿಂಧಘಟ್ಟದಿಂದ ಐದು ಜನ ಬಂದರು. ಮನೆ ನೋಡಿದರು, ಕೊಟ್ಟಿಗೆ ನೋಡಿದರು, ಗೌರಿಯ ಕರುವಿನ ಬೆನ್ನು ಸವರಿದರು. ಪ್ರಮೀಳಾ ಎಲೆ ಹಾಕಿದಳು. ಪುಟ್ಟರಾಜು ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತಿಗೆ ಕೈ ನಿಧಾನವಾಯಿತು.

"ಹುಚ್ಚೆಳ್ಳು ಹಾಕಿದೀರಾ ತಾಯಿ?"

"ಹೂಂ."

"ನಮ್ಮನೆ ಅಡ್ಗೆಯೆಲ್ಲ ಇವಳ್ದೇ ಕೈ," ಎಂದರು ಬೋರಯ್ಯ ಉತ್ಸಾಹದಲ್ಲಿ. "ನಮ್ ಹುಡುಗ ಅಡ್ಗೆಮನೆ ಒಸ್ಲು ತುಳ್ದೋನಲ್ಲ. ಆ ವಿಷ್ಯದಲ್ಲಿ ನಾವು ಬಲೇ ಕಟ್ಟುನಿಟ್ಟು."

ನೀರಿನ ಚೊಂಬು ಹಿಡಿದಿದ್ದ ಮಂಜುನಾಥ ನಿಂತಲ್ಲೇ ನಿಂತ. ಚಲುವಮ್ಮ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಎಲೆಯ ಕಡೆ ತಿರುಗಿದರು. ಅಷ್ಟರಲ್ಲಿ ಬೋರಯ್ಯನ ಮುದ್ದೆ ಮುಗಿದಿತ್ತು. ಇಪ್ಪತ್ತು ವರ್ಷದ ಅಭ್ಯಾಸ, ಒಳಮುಖವಾಗಿ ಕೂಗಿಯೇಬಿಟ್ಟರು: "ಇನ್ನರ್ಧ ಮುರ್ಕೊಂಡ್ ಬಾರ್ಲಾ!"

ಪುಟ್ಟರಾಜು ಉಣ್ಣುವುದನ್ನು ನಿಲ್ಲಿಸಿದರು.

ಹೊರಡುವಾಗ ಕೊಟ್ಟಿಗೆಯ ಬಳಿ ಪುಟ್ಟತಾಯಮ್ಮನನ್ನು ಒಬ್ಬರನ್ನೇ ನಿಲ್ಲಿಸಿಕೊಂಡು ದನಿ ತಗ್ಗಿಸಿ ಹೇಳಿದರು. "ಮನೆ ಚೆಂದಾಗೈತೆ. ಹುಡುಗನ ಮ್ಯಾಲೂ ದೂರಿಲ್ಲ. ಆದ್ರೆ ಗುರುವಾರ ಗುರುವಾರ ನಾನ್ ಪ್ರೇಮಕ್ಕನ ಓಟ್ಲಲ್ಲಿ ಹಿಂದಿನ ಬೆಂಚಲ್ಲಿ ಉಣ್ತೀನಿ ತಾಯಿ. ಮುಂದಿನ ಬೆಂಚಲ್ಲಿ ಒಬ್ರು ಕೂತು, ನಮ್ಮನೇಲಿ ಉಣ್ಣಾಕ್ ಗತಿಯಿಲ್ಲ ಅಂತ ಏಳ್ತಿರ್ತರೆ. ಬೆನ್ನು ನೋಡಿದ್ದೆ, ದನಿ ಕೇಳಿದ್ದೆ. ಮುಖ ಇವತ್ ನೋಡ್ದೆ. ಇವತ್ ಎಲೆಗೆ ಬಂದಿದ್ ಸಾರೂ ಅಲ್ಲೀದೇ. ಯಜಮಾನ್ರಿಗೇ ಇಟ್ಟು ಹುಟ್ಟದ್ ಮನೇಲಿ ನನ್ ಮಗಳಿಗೆ ಹುಟ್ತದಾ?"

ಪುಟ್ಟತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಮುಗಿದು ನಡೆದುಬಿಟ್ಟರು.

ಮರುದಿನ ಸಂಜೆ ಪವಿತ್ರ ಫೋನು ಮಾಡಿದಳು. ಮಂಜುನಾಥ ಕೊಟ್ಟಿಗೆಯ ಹೊರಗೆ ನಿಂತು ಕೇಳಿಸಿಕೊಂಡ. ಮಾತಾಡಿದ್ದು ಕಡಿಮೆ.

"ಏನಂದ್ಲು?" ಎಂದರು ಪುಟ್ಟತಾಯಮ್ಮ.

"ಅಡ್ಗೆ ಮಾಡ್ತೀನಿ ಅಂದ್ರಿ. ನಿಮ್ಮಪ್ಪ ಒಸ್ಲೇ ತುಳ್ದಿಲ್ಲ ಅಂದ್ರಂತೆ. ಇಬ್ರಲ್ಲಿ ಯಾರ್ದು ಸುಳ್ಳು ಅಂತ ಕೇಳಿದ್ಲು."

"ನೀನೇನಂದೆ?"

"ಅಪ್ಪ ಸುಳ್ಳು ಏಳಿದ್ರು ಅಂತ ಎಂಗವ್ವ ಅನ್ನದು? ಸುಮ್ನಿದ್ದೆ. ನಂದೇ ಸುಳ್ಳು ಅನ್ಕೊಂಡ್ಲು. ಫೋನ್ ಮಡಗ್ಬುಟ್ಲು."

ಒಳಗೆ ಟಿ.ವಿ. ನೋಡುತ್ತಿದ್ದ ಬೋರಯ್ಯನಿಗೆ ಪುಟ್ಟತಾಯಮ್ಮ ಎರಡೂ ಮಾತನ್ನು, ಪುಟ್ಟರಾಜು ಹೇಳಿದ್ದನ್ನೂ ಹುಡುಗಿ ಹೇಳಿದ್ದನ್ನೂ, ಒಂದಕ್ಷರ ಬಿಡದೆ ಒಪ್ಪಿಸಿದರು.

"ಓಟ್ಲಲ್ಲಿ ಆಡಿದ್ ಮಾತ್ನ ಮನೆತಂಕ ತರೋನು ಎಂಥ ಬೀಗ ಆಯ್ತನೆ? ಓಗ್ಲಿ ಬುಡು ಈ ಸಂಬಂಧ."

"ಹನ್ನೆರಡ್ನೇದು ಅಪ್ಪ," ಎಂದ ಮಂಜುನಾಥ ಬಾಗಿಲಲ್ಲಿ ನಿಂತು. "ನನ್ ಮಾತ್ನ ನಂಬಿ ನಕ್ಕಿದ್ದು ಇವಳೊಬ್ಳೇ. ಇಟ್ಟು ಉಣ್ಬ್ಯಾಡಿ. ನನ್ನ ಸುಳ್ಳ ಅಂತಾದ್ರೂ ಮಾಡ್ಬ್ಯಾಡಿ."

ಬೋರಯ್ಯ ಟಿ.ವಿ.ಯ ದನಿ ಹೆಚ್ಚಿಸಿದರು. ಮಂಗಳವಾರವೂ ಬುಧವಾರವೂ ಒಂದಕ್ಕೆ ಸರಿಯಾಗಿ ಟವೆಲು ಹಾಕಿಕೊಂಡು ಹೋದರು. ಮಂಜುನಾಥ ಎರಡು ದಿನವೂ ಮೂರೇ ಮುದ್ದೆ ಕಟ್ಟಿದ.

ಗುರುವಾರ ಬೋರಯ್ಯ ಹೋದ ಹತ್ತು ನಿಮಿಷಕ್ಕೆ ಪುಟ್ಟತಾಯಮ್ಮ ಒಳ್ಳೆಯ ಸೀರೆಯುಟ್ಟರು.

"ಎಲ್ಗವ್ವ?"

"ಉಣ್ಣಾಕೆ."

ಹೋಟೆಲಿನ ಎದುರು ಪಶು ಆಹಾರದ ಲಾರಿ ನಿಂತಿತ್ತು. ಹಿಂದಿನ ಬೆಂಚಿನಲ್ಲಿ ಪುಟ್ಟರಾಜು ತಟ್ಟೆಗೆ ಕಾಯುತ್ತ ಕುಳಿತಿದ್ದರು. ಮುಂದಿನ ಬೆಂಚಿನ ಬೋರಯ್ಯನಿಗೆ ಬೆನ್ನ ಹಿಂದೆ ಅವರಿರುವುದು ಗೊತ್ತಿತ್ತೋ ಇಲ್ಲವೋ, ರಸ್ತೆಯನ್ನೇ ನೋಡುತ್ತಿದ್ದರು. ಆ ರಸ್ತೆಯಿಂದಲೇ ಹೆಂಡತಿ ಬಂದು ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತಾಗ ಅವರು ಗಾಬರಿಯಾಗಿ ಒಂದು ಗೇಣು ಸರಿದರು.

"ಯಾಕಮ್ಮಿ? ಮನೇಲಿ ಏನಾಯ್ತು?"

"ಏನೂ ಆಗಿಲ್ಲ. ಪ್ರೇಮಾ, ನಂಗೂ ಒಂದ್ ಊಟ ಹಾಕವ್ವ."

ಬೆಂಚಿನವರೆಲ್ಲ ತಿರುಗಿ ನೋಡಿದರು. ಪ್ರೇಮಮ್ಮ ಓಡಿಬಂದು ಎಲ್ಲರಿಗಿಂತ ಮೊದಲು ಅವರಿಗೇ ತಟ್ಟೆ ಇಟ್ಟಳು. ಪುಟ್ಟತಾಯಮ್ಮ ನಿಧಾನವಾಗಿ ಉಂಡರು. ಸಾರು ಬಿಸಿಯಾಗಿತ್ತು, ಹುಚ್ಚೆಳ್ಳಿನ ಘಮ ಮೂಗಿಗೆ ಏರಿತು. ಇದಕ್ಕಾಗಿ ಇಷ್ಟು ವರ್ಷ ಈ ಮನುಷ್ಯ ಇಲ್ಲಿಗೆ ಬಂದದ್ದರಲ್ಲಿ ತಪ್ಪಿಲ್ಲ ಎನಿಸಿತು.

"ಸಾರು ನನ್ ಸಾರ್ಗಿಂತ ಚೆಂದಾಗೈತೆ ಕಣ್ ಪ್ರೇಮಾ. ಇಟ್ಟು ತೊಳ್ಸಿದ್ದು ಯಾರು?"

ಒಳಗಿನಿಂದ ಚೆಲುವಯ್ಯ ಬೆವರು ಒರೆಸಿಕೊಳ್ಳುತ್ತ ಬಂದ. ಕೈಯಲ್ಲಿ ಎದೆಯುದ್ದದ ಮುದ್ದೆ ಕೋಲು. "ನಾನೇ ಅಕ್ಕ. ಇಪ್ಪತ್ತೆರಡ್ ವರ್ಸದಿಂದ ನಾನೇ. ಒಂದೇಟ್ಗೆ ಐವತ್ ಮುದ್ದೆ ಇಟ್ಟು ಇವಳ ಕೈಲಿ ಎಲ್ಲಾದದು?"

"ಕೇಳಿಸ್ಕೊಂಡ್ರಾ?" ಎಂದು ಪುಟ್ಟತಾಯಮ್ಮ ಗಂಡನ ಕಡೆ ತಿರುಗಿದರು. "ಇಪ್ಪತ್ತೆರಡ್ ವರ್ಸ ಗಂಡಸ್ ತೊಳ್ಸಿದ್ ಇಟ್ಟು ನಿಮ್ ಗಂಟ್ಲಲ್ಲಿ ಇಳೀತು. ಅರ್ಧ ಅರ್ಧ ಜಾಸ್ತಿನೇ ಇಳೀತು. ಮಗ ತೊಳ್ಸಿದ್ ಯಾಕ್ ಇಳ್ಯಾಕಿಲ್ಲ?"

"ಇದು ಓಟ್ಲು ಕಣಮ್ಮಿ. ಅವನ್ ಕಸ್ಬು."

"ಇವನ್ ಮಾಡುದ್ರೆ ಕಸ್ಬು, ನಿಮ್ ಮಗ ಮಾಡುದ್ರೆ ಮಾನ ಓಯ್ತದಾ? ಅವ್ವನ್ ಕೈ ಮುರ್ದೈತೆ ಅಂತ ಮಾಡ್ದ. ನೀವ್ ಇಲ್ಲಿ ಬಂದು ಗತಿಯಿಲ್ಲ ಗತಿಯಿಲ್ಲ ಅಂತ ಸಾರುದ್ರಿ. ದಿನಾ ನಿಮ್ ತಟ್ಟೆಗೆ ಮಡಗ್ತನೆ, ಸಂಜೆ ಗೌರಿ ಬಾನಿಗೆ ಸುರೀತನೆ. ಗತಿಯಿಲ್ದಿರೋದು ಯಾರ್ಗೆ?"

ಬೋರಯ್ಯ ಬೆಂಚಿನಂಚನ್ನು ಬೆರಳಿನಿಂದ ಒರೆಸಿದರು. ದನಿ ಬಿದ್ದುಹೋಗಿತ್ತು. "ಒಕ್ಲುತನ ಅಂತ ಹನ್ನೊಂದ್ ಜನ ಬ್ಯಾಡ ಅಂದ್ರು. ಮ್ಯಾಲೆ ಇದೂ ಗೊತ್ತಾದ್ರೆ ಎಂಗೆ ಅಂತ ಭಯ ಆಯ್ತು ಕಣೆ."

ಪುಟ್ಟತಾಯಮ್ಮ ಎದ್ದು ಹಿಂದಿನ ಬೆಂಚಿನ ಮುಂದೆ ನಿಂತರು. "ಪುಟ್ಟರಾಜಣ್ಣ, ಭಾನ್ವಾರ ನಿಮ್ ಎಲೆಗೆ ಓಟ್ಲಿಂದು ಬಡ್ಸಿದ್ದು ತಪ್ಪು. ಹೂಂ ಅಂದ್ ನಂದೂ ತಪ್ಪು. ನನ್ ಮಗ ನಿಮ್ ಮಗಳಿಗೆ ಸುಳ್ ಏಳಿಲ್ಲ. ಅಪ್ಪನ್ ಬುಟ್ಕೊಡ್ಬಾರ್ದು ಅಂತ ಬಾಯ್ ಮುಚ್ಕೊಂಡ. ಸಂಬಂಧ ಬುಡಿ, ಅದ್ ನಿಮ್ಗೆ ಸೇರಿದ್ದು. ಈ ಮಾತ್ನ ಆ ಮಗೀಗ್ ಮುಟ್ಟಿಸ್ಬುಡಿ."

ಪ್ರೇಮಮ್ಮ ತಟ್ಟೆ ಹಿಡಿದು ಬಂದಾಗ ಪುಟ್ಟರಾಜು ಕೈ ಅಡ್ಡ ಮಾಡಿದರು.

"ನಂಗ್ ಇವತ್ ಬ್ಯಾಡ ಪ್ರೇಮಕ್ಕ. ಹುಡುಗ ಈಗ ಮನೇಲಿ ತೊಳ್ಸವ್ನಾ ತಾಯಿ?"

"ಈ ಹೊತ್ಗೆ ಮುದ್ದೆ ಕಟ್ಟಿರ್ತನೆ."

"ನಡೀರಿ ಮತ್ತೆ. ಏಳಿದ್ ಕೇಳ್ಕೊಂಡು ಮಗಳಿಗೆ ಏಳೋಕಾಗಲ್ಲ. ಉಂಡ್ ನೋಡ್ ಏಳ್ತೀನಿ."

ಇಬ್ಬರೂ ರಸ್ತೆಗಿಳಿದರು. ಹಿಂದಿನಿಂದ ಬೋರಯ್ಯನ ದನಿ ಕೇಳಿತು, ಎಂದಿನ ಜೋರಿಲ್ಲದೆ. "ಚೆಲ್ವಾ, ನನ್ ತಟ್ಟೆಗೆ ಇನ್ನೂ ಹಾಕಿಲ್ವಲ್ಲೋ."

"ಇಟ್ಟು ಖಾಲಿ ಅಣ್ಣ," ಎಂದ ಚೆಲುವಯ್ಯ. ಅವನ ಹಿಂದೆ ಒಲೆಯ ಮೇಲಿನ ಪಾತ್ರೆಯಿಂದ ಆವಿ ಏಳುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಖಾಲಿಯಾ?"

"ಪೂರ್ತಿ ಖಾಲಿ. ಮನೇಲಿ ಐತಂತಲ್ಲ, ಓಗಣ್ಣ."

ಮಂಜುನಾಥ ಲುಂಗಿ ಎತ್ತಿ ಕಟ್ಟಿಕೊಂಡು, ಮುಂಗೈವರೆಗೆ ಹಿಟ್ಟು ಮೆತ್ತಿಕೊಂಡು ಮೂರನೆಯ ಮುದ್ದೆಯನ್ನು ತಟ್ಟೆಗೆ ಇಡುತ್ತಿದ್ದ. ಬಾಗಿಲಲ್ಲಿ ಪುಟ್ಟರಾಜುವನ್ನು ಕಂಡು ಕೈ ಎಲ್ಲಿ ಅಡಗಿಸಬೇಕೋ ತಿಳಿಯಲಿಲ್ಲ.

"ಕೈ ಮುಚ್ಕೋಬ್ಯಾಡ. ಬಡ್ಸಪ್ಪ," ಎಂದು ಪುಟ್ಟರಾಜು ನೆಲದ ಮೇಲೆ ಕುಳಿತರು.

ಹುರುಳಿಕಾಳಿನ ಬಸ್ಸಾರು. ಪುಟ್ಟರಾಜು ಮುದ್ದೆ ಮುರಿದು ಬೆಳಕಿಗೆ ಹಿಡಿದು ನೋಡಿದರು. ಗಂಟಿರಲಿಲ್ಲ. ಎರಡು ತುತ್ತು ಇಳಿಸಿದರು. "ಸಾರ್ಗೆ ಹುಚ್ಚೆಳ್ಳು ಇಲ್ಲ."

"ಅದು ಪ್ರೇಮಕ್ಕಂಗೇ ಬರೋದು. ನಂಗ್ ಬರಲ್ಲ."

"ಬರಲ್ಲ ಅಂತ ಏಳೋನು ಮಾಡ್ತೀನಿ ಅಂದ್ರೆ ನಂಬ್ಬೋದು," ಎಂದು ಪುಟ್ಟರಾಜು ಇನ್ನೊಂದು ತುತ್ತು ಮುರಿದರು. "ದಿನಾ ಒಂದ್ ಮುದ್ದೆ ಹಸೂಗಂತೆ? ಅದ್ಕೇ ಈ ಮನೇಲಿ ನಮ್ ಫೀಡು ಕಮ್ಮಿ ಖರ್ಚಾಯ್ತದೆ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಬೋರಯ್ಯ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆದು ಪುಟ್ಟರಾಜುವಿನ ಪಕ್ಕದಲ್ಲಿ ಕುಳಿತರು. ಮಂಜುನಾಥ ಮುಚ್ಚಿಟ್ಟಿದ್ದ ತಟ್ಟೆ ತೆರೆದು ಮುಂದಿಟ್ಟು ಸಾರು ಬಡಿಸಿದ.

ಬೋರಯ್ಯ ಮೊದಲ ತುತ್ತು ನುಂಗಿದರು. ಎರಡನೆಯದು. ಮೂರನೆಯದು. ಪುಟ್ಟತಾಯಮ್ಮ ಹೊಸಿಲಿನ ಮೇಲೆ ಕುಳಿತು ಗಂಡನ ಗಂಟಲನ್ನೇ ನೋಡುತ್ತಿದ್ದರು. ಮುದ್ದೆ ಮುಗಿಯಿತು. ಬೋರಯ್ಯ ತಟ್ಟೆಯಲ್ಲಿ ಉಳಿದ ಸಾರನ್ನು ನೋಡಿದರು, ಮಗನನ್ನು ನೋಡಿದರು.

"ಉಪ್ಪು ಒಂಚೂರು ಮುಂದಾಗೈತೆ," ಎಂದರು. ಆಮೇಲೆ ಮೆಲ್ಲಗೆ, "ಇನ್ನರ್ಧ ಮುರೀಲಾ."

ಪಾತ್ರೆಯಲ್ಲಿ ಉಳಿದಿದ್ದದ್ದು ಮಂಜುನಾಥನ ಪಾಲಿನ ಮುದ್ದೆ. ಅವನು ಕೈ ಒದ್ದೆ ಮಾಡಿಕೊಂಡು ಅದನ್ನು ಎರಡು ಮಾಡಿದ. ಅರ್ಧ ಅಪ್ಪನ ತಟ್ಟೆಗೆ ಇಟ್ಟು, ಉಳಿದರ್ಧ ಹಿಡಿದು ಅವರ ಎದುರಿಗೇ ಕುಳಿತ.

ಪುಟ್ಟರಾಜು ಕೈ ತೊಳೆದವರೇ ಅಂಗಳಕ್ಕೆ ಹೋಗಿ ಫೋನು ಹಚ್ಚಿದರು. ಲಾರಿಯವರ ದನಿ, ಒಳಗೆಲ್ಲ ಕೇಳಿತು. "ಪವಿತ್ರಾ, ಆ ಹುಡುಗ ಸುಳ್ ಏಳಿಲ್ಲ ಕಣವ್ವ. ನಾನೇ ಉಂಡೆ. ಹೂಂ... ನೀನೇ ಫೋನ್ ಮಾಡ್ ಕೇಳು, ನಂಗೇನ್ ಗೊತ್ತು? ಚಪಾತಿ ವಿಷ್ಯ ನಾನ್ ಕೇಳಿಲ್ಲ."

ಮಂಜುನಾಥ ತಲೆ ತಗ್ಗಿಸಿ ಉಂಡ. ಕಿವಿ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಹಾಲಿಗೆ ಬಂದ ಪ್ರೇಮಮ್ಮನನ್ನು ಪುಟ್ಟತಾಯಮ್ಮ ಒಳಕ್ಕೆ ಕರೆದು ಕೂರಿಸಿದರು. ಹುಚ್ಚೆಳ್ಳನ್ನು ಎಷ್ಟು ಹುರಿಯಬೇಕೆಂದು ಮಂಜುನಾಥ ಕೇಳಿದ. "ನೀನ್ ಕಲ್ತ್ ಬುಟ್ರೆ ನನ್ ಗಿರಾಕಿ ಓಯ್ತರೆ," ಎಂದು ಅವಳು ನಗುತ್ತಲೇ ಹೇಳಿಕೊಟ್ಟಳು.

ಆ ಮಧ್ಯಾಹ್ನದ ಸುದ್ದಿಯನ್ನು ಶನಿವಾರ ತಂದವಳೂ ಅವಳೇ. ಹನ್ನೆರಡೂಮುಕ್ಕಾಲಿಗೆ ಬೋರಯ್ಯ ಎಂದಿನಂತೆ ಮುಂದಿನ ಬೆಂಚಿನಲ್ಲಿ ಬಂದು ಕುಳಿತರಂತೆ. ಚೆಲುವಯ್ಯ ತಟ್ಟೆ ತಂದನಂತೆ.

"ಬ್ಯಾಡ ಕಣ್ಲಾ, ಒಂದ್ ಟೀ ಕೊಡು ಸಾಕು," ಎಂದರಂತೆ ಬೋರಯ್ಯ, ಹಿಂದಿನ ಬೆಂಚಿನವರೆಗೂ ಕೇಳುವಂತೆ. "ಮನೇಲಿ ನನ್ ಮಗ ಇಟ್ಟು ತೊಳ್ಸವ್ನೆ. ಆರೋಗ್ಬುಡ್ತದೆ, ಬ್ಯಾಗ ಓಗ್ಬೇಕು."